ನಮ್ಮವರ ರೇಟು

ಮುಂಬೈ ಹತ್ತಿರದ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಮೊಬೈಲ್ ಅಂಗಡಿ ಇಟ್ಟಿದ್ದ ಆ ಮನುಷ್ಯ, ಗಿರಾಕಿ ನೋಡಿ ಸಿಮ್ ಬದಲಿಸಿದಷ್ಟೇ ಸಲೀಸಾಗಿ ಭಾಷೆ ಬದಲಿಸುತ್ತಿದ್ದ. ಧಾರವಾಡದವರಿಗೆ ‘ಬರ್ರಿ’, ನಮ್ಮಂಥ ಉಡುಪಿಯವರಿಗೆ ತುಳು. ಫೋನಿನ ಡಬ್ಬಿಯನ್ನು ಪ್ರಸಾದದಂತೆ ಎರಡೂ ಅಂಗೈಯಲ್ಲಿ ಹಿಡಿದು, “ನಮ್ಮವರ ಹತ್ರ ಲಾಭ ನೋಡ್ಲಿಕ್ಕುಂಟಾ ಮಾರಾಯ್ರೇ?” ಎನ್ನುವುದು ಅವನ ಮಂತ್ರ.

ಠಾಣೆಯಲ್ಲೂ ಖಾರಘರದಲ್ಲೂ ಅದೇ ಫೋನು ಕಡಿಮೆಗೆ ಸಿಗುತ್ತದೆಂದು ನಾನು ತೋರಿಸಿದರೂ ಅಪ್ಪ ಕೊಂಡದ್ದು ಅವನಲ್ಲೇ. “ಏನಾದ್ರೂ ಆದ್ರೆ ನಮ್ಮವನೇ ನೋಡ್ಕೊಳ್ತಾನೆ” ಎಂದರು.

ವಾರದೊಳಗೆ ಫೋನಿನ ಧ್ವನಿ ಸತ್ತಿತು. ಅಪ್ಪ ನನ್ನನ್ನೂ ಕರೆದುಕೊಂಡು ಭರವಸೆಯಿಂದ ಹೋಗಿ, ಬದಲಿಸಿಕೊಡು ಎಂದು ತುಳುವಿನಲ್ಲಿ ಕೇಳಿದರು. ಅವನು ತಲೆ ಎತ್ತದೆ, “ಕಂಪನಿ ಸೇ ಬಾತ್ ಕರೋ, ಅಂಕಲ್. ಅಪನಾ ಕಾಮ್ ಖಾಲಿ ಬೇಚನೇ ಕಾ” ಎಂದ; ಮಾರುವುದಷ್ಟೇ ಅವನ ಕೆಲಸವಂತೆ. ಅಪ್ಪ ಮತ್ತೆ ತುಳುವಿನಲ್ಲೇ ಕೇಳಿದರು. ಅವನು ಮತ್ತೆ ಹಿಂದಿಯಲ್ಲೇ ಉತ್ತರಿಸಿದ.

ಆಗ ಅವನು ನಕ್ಕನೆಂದು ನನ್ನ ನೆನಪು. ಸಿಟ್ಟಿಗೆ ನಾನೇ ಆಮೇಲೆ ಆ ನಗುವನ್ನು ಸೇರಿಸಿಕೊಂಡಿರಲೂಬಹುದು. ಆದರೆ, ಹಿಂದಿಯಲ್ಲಿ ಮಾತಾಡಿದರೆ ನನ್ನನ್ನು ಬೈಯುತ್ತಿದ್ದ ಅಪ್ಪ, ಫೋನನ್ನು ಕಿಸೆಗಿಟ್ಟು, “ಠೀಕ್ ಹೈ, ಭಾಯ್‌ಸಾಬ್” ಎಂದದ್ದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.