ಹಣಿಗೆಯವರು ಸರಿಮಾಡಿದ ಗಿಟಾರು

ಹೋದ ತಿಂಗಳು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ಬಿಟ್ಟುಕೊಂಡು ಮಲಗಿದ್ದೆ. ಅವರು ಟ್ರೇಯಿಂದ ಕೂದಲೆಳೆಯಂಥ ಸಣ್ಣ ಅರವೊಂದನ್ನು ಎತ್ತಿಕೊಂಡರು. ಎರಡೇ ಬೆರಳಿನಲ್ಲಿ, ಉಸಿರು ಬಿಗಿಹಿಡಿದು ಅದನ್ನು ಹಿಡಿದ ರೀತಿ ನೋಡಿ ನನಗೆ ಕೊಳ್ಳೇಗಾಲದ ಹಣಿಗೆಯವರು ನೆನಪಾದರು...

ನೇಕಾರರ ಬೀದಿಯಲ್ಲಿ ಒಂದು ಕೋಣೆ ಇಟ್ಟುಕೊಂಡು ಮಗ್ಗದ ಹಣಿಗೆ ರಿಪೇರಿ ಮಾಡುತ್ತಿದ್ದರು. ಹಣಿಗೆ ಎಂದರೆ ರೇಷ್ಮೆ ಎಳೆಗಳನ್ನು ಅಂತರ ತಪ್ಪದಂತೆ ಸಾಲಾಗಿ ನಿಲ್ಲಿಸುವ ಉದ್ದನೆಯ ಬಾಚಣಿಗೆ. ಅದರ ಹಲ್ಲುಗಳು ತೆಳ್ಳನೆಯ ಉಕ್ಕಿನ ಕಡ್ಡಿಗಳು. ಒಂದು ಕಡ್ಡಿ ಬಾಗಿದರೂ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ಆ ಬಾಗಿದ ಕಡ್ಡಿಯನ್ನು ಬರಿಗಣ್ಣಿನಲ್ಲಿ ಹುಡುಕುವುದೇ ಅವರ ಕಸುಬು.

ನಾನು ಹನೂರಿನಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯವನು. ಸಂತೆಯಲ್ಲಿ ನೆಲದ ಮೇಲೆ ಬಕೆಟ್ ಜೋಡಿಸಿ ಶುರು ಮಾಡಿದವನು. ಚೌಕಾಸಿಯಲ್ಲಿ ನನ್ನನ್ನು ಯಾರೂ ಗೆದ್ದಿಲ್ಲ ಎಂಬ ಜಂಬ ಇತ್ತು. ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ಗಿಟಾರು ಬೇಕೆಂದಳು. ಮೈಸೂರಿಗೆ ಹೋಗಿ, ಅರ್ಧ ದಿನ ಜಗ್ಗಾಡಿ, ಹೊಸದೊಂದು ತಂದೆ. ರೇಟು ಇಳಿಸಿದ ಸಂಭ್ರಮದಲ್ಲಿ ಒಂದು ತಂತಿಯನ್ನೂ ಒತ್ತಿ ನೋಡಲಿಲ್ಲ. ನೀವು ಕೊಳ್ಳುವವರಾದರೆ ಈ ತಪ್ಪು ಮಾಡಬೇಡಿ. ಗಿಟಾರಿನ ಕುತ್ತಿಗೆಯ ಮೇಲ್ತುದಿಯಲ್ಲಿ, ತಂತಿ ಕೂರಲು ಆರು ಕಚ್ಚುಗಳಿರುವ ಬೆರಳುದ್ದದ ಪಟ್ಟಿಯೊಂದು ಇರುತ್ತದೆ. ನಟ್ ಅನ್ನುತ್ತಾರೆ. ಮೊದಲು ಅದನ್ನು ನೋಡಿ, ಆಮೇಲೆ ರೇಟು ಮಾತಾಡಿ.

ನಾವು ತಂದದ್ದರಲ್ಲಿ ಆ ಕಚ್ಚುಗಳೇ ಅಡ್ಡಾದಿಡ್ಡಿ. ಸಣ್ಣ ತಂತಿ ಅಂಚಿಗೆ ಅಂಟಿಕೊಂಡಿತ್ತು. ದಪ್ಪದವು ಎರಡು ಒಂದಕ್ಕೊಂದು ಒತ್ತಾಗಿದ್ದವು.

"ಅಪ್ಪಾ, ಒತ್ತುದ್ರೆ ತಂತಿ ಜಾರ್ಕಂಡು ಓಯ್ತದೆ" ಎಂದಳು ಮಗಳು.

"ನಿಂದು ದಪ್ಪ ಬೆರಳು ಕಣ್ ಮಗಾ. ಇನ್ನೂ ಪಳಗ್ಬೇಕು" ಅಂದೆ. ನಾನು ಆರಿಸಿದ ಮಾಲು ಸರಿಯಿಲ್ಲ ಎಂದು ಒಪ್ಪುವುದಾದರೂ ಹೇಗೆ?

ಅವಳು ಸ್ಕೂಲಿಗೆ ಹೋದಾಗ ಪಟ್ಟಿ ನೋಡಿದೆ. ದೋಷ ಅಲ್ಲೇ ಇದೆ ಎಂದು ತಿಳಿಯಿತು. ಅವಳಿಗೆ ಹೇಳಲಿಲ್ಲ. ಅಂಚಿನ ಎರಡು ತಂತಿಗಳನ್ನು ಇದ್ದಲ್ಲೇ ಬಿಟ್ಟು, ಸ್ಕೇಲು ಇಟ್ಟು, ಒಂದು ತಂತಿಯ ನಡುವಿನಿಂದ ಮುಂದಿನದರ ನಡುವಿಗೆ ಸಮನಾಗಿ ಪೆನ್ಸಿಲ್ ಗುರುತು ಹಾಕಿ, ನಾನೇ ಹೊಸ ಕಚ್ಚು ಹಾಕಿದೆ. ಸಣ್ಣ ತಂತಿ ಅಂಚು ಬಿಡಲಿಲ್ಲ. ದಪ್ಪದವು ಈಗಲೂ ಇಕ್ಕಟ್ಟೇ. ಸಾಯಂಕಾಲ ಅವಳು ಸ್ವಲ್ಪ ಹೊತ್ತು ಒದ್ದಾಡಿ ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು.

"ಮಾರ್ಬುಡಪ್ಪಾ. ನನ್ ಬೆರಳ್ಗೆ ಇದು ಬರಕಿಲ್ಲ."

ಊಟಕ್ಕೆ ಕೂತಾಗಲೂ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು.

ಭಾನುವಾರ ಮಾರುವುದಕ್ಕೆಂದೇ ಅವಳನ್ನೂ ಕರೆದುಕೊಂಡು ಕೊಳ್ಳೇಗಾಲಕ್ಕೆ ಬಸ್ಸು ಹತ್ತಿದೆ. ಹಣಿಗೆಯವರ ಕೋಣೆಯ ಎದುರಿನ ಅಂಗಡಿಯಲ್ಲಿ ಟೀಗೆ ನಿಂತೆವು. ಅಲ್ಲಿ ಅವರು ನನ್ನನ್ನು ಎಷ್ಟೋ ಸಲ ನೋಡಿದ್ದರು.

"ಅದೇನ್ ಸಾವ್ಕಾರ್ರೇ, ಆ ಚೀಲವ ಮದುವೆ ಎಣ್ಣ ಕರ್ಕಂಡ್ ಬಂದಂಗೆ ಉಸಾರಾಗಿ ತಂದಿದೀರಿ?" ಎಂದರು.

ವಿಷಯ ಹೇಳಿದೆ. ಅವರು ಅಲ್ಲಿಯವರೆಗೆ ಗಿಟಾರು ಮುಟ್ಟಿದವರಲ್ಲ. ಬೆಳಕಿಗೆ ಹಿಡಿದು ಪಟ್ಟಿ ನೋಡಿದರು.

"ಕಚ್ಚು ಆಕ್ದೋರ್ ಯಾರು?"

"ಮೈಸೂರ್ ಅಂಗಡಿಯೋರು" ಅಂದೆ.

"ಅಂಗಡಿಯೋರು ಪೆನ್ಸಿಲ್ ಗುರ್ತು ಬುಟ್ಟು ಕೊಟ್ಟಾರಾ?"

ಮಗಳು ನನ್ನ ಮುಖ ನೋಡಿದಳು. ನಾನು ಟೀ ಅಂಗಡಿಯ ಕಡೆ ನೋಡಿದೆ.

"ದಪ್ಪ ಎಳೆ ಜಾಸ್ತಿ ಜಾಗ ತಿಂತದೆ ಕಣ್ರಿ. ನಡುವಿಂದ ನಡುವ್ಗೆ ಅಳದ್ರೆ ದಪ್ಪನವು ಮೈಗ್ ಮೈ ತಾಕಿಸ್ಕಂಡು ನಿಂತ್ಕತವೆ. ಎಳೆ ಅಳೀಬ್ಯಾಡಿ, ಸಂದಿ ಅಳೀರಿ."

ಹಳೆಯ ಪಟ್ಟಿಯನ್ನು ಮೆಲ್ಲಗೆ ತಟ್ಟಿ ಬಿಡಿಸಿದರು. ಮಗ್ಗದಲ್ಲಿ ಅಡ್ಡ ಎಳೆ ಹಾಯಿಸುವ, ಸವೆದುಹೋದ ಲಾಳಿಯೊಂದರ ಗಟ್ಟಿ ಮರದಿಂದ ಅದೇ ಅಳತೆಯ ಹೊಸ ಪಟ್ಟಿ ಕುಯ್ದರು. ಮೊದಲು ಆಚೆ ಈಚೆಯ ಎರಡು ತಂತಿಗಳನ್ನು ಅಂಚಿನಿಂದ ಒಂದೇ ದೂರದಲ್ಲಿ ನಿಲ್ಲಿಸಿದರು. ಹಣಿಗೆಯ ಹಳೇ ಕಡ್ಡಿಗಳನ್ನು ಎಣಿಸಿ, ರೇಷ್ಮೆ ದಾರದಲ್ಲಿ ಕಟ್ಟಿ ಒಂದೇ ದಪ್ಪದ ಐದು ಕಂತೆ ಮಾಡಿದರು. ಆರು ತಂತಿಗೆ ಐದು ಸಂದಿ. ಪ್ರತಿ ಸಂದಿಗೂ ಒಂದೊಂದು ಕಂತೆ. ಸಡಿಲವಿದ್ದರೆ ಐದಕ್ಕೂ ಒಂದೊಂದು ಕಡ್ಡಿ ಸೇರಿಸುವುದು, ಬಿಗಿಯಾದರೆ ಐದರಿಂದಲೂ ತೆಗೆಯುವುದು. ಎಲ್ಲವೂ ಸರಿಯಾಗಿ ಕೂತ ಮೇಲೆ ಸೂಜಿಯಲ್ಲಿ ಗುರುತು ಮಾಡಿ, ಕೂದಲೆಳೆಯಂಥ ಅರವೊಂದನ್ನು ಎರಡೇ ಬೆರಳಿನಲ್ಲಿ ಹಿಡಿದರು. ಒಂದೇ ಸಲಕ್ಕೆ ಆಳ ಮಾಡಲಿಲ್ಲ. ಸ್ವಲ್ಪ ಉಜ್ಜಿ, ತಂತಿ ಕೂರಿಸಿ, ನೋಡಿ, ಮತ್ತೆ ಸ್ವಲ್ಪ. ಹೆಚ್ಚು ಉಜ್ಜಿದರೆ ತಂತಿ ಕೆಳಗಿಳಿದು ಕುತ್ತಿಗೆಗೆ ತಾಕಿ ಜಿರ್ರ್ ಅನ್ನುತ್ತದೆ. ಉಜ್ಜಿದ್ದನ್ನು ವಾಪಸು ತುಂಬಲಾಗುವುದಿಲ್ಲ.

"ನುಡ್ಸು ಕೂಸೇ" ಎಂದರು.

"ನನ್ ಬೆರಳು ದಪ್ಪ ತಾತಾ."

ಅವರು ಅವಳ ಅಂಗೈ ಎಳೆದುಕೊಂಡು, ಹಣಿಗೆ ನೋಡುವಂತೆಯೇ ಒಂದೊಂದು ಬೆರಳನ್ನೂ ನೋಡಿದರು. "ಇದಕ್ಕೇನಾಗದೆ? ಚೆನ್ನಾಗೇ ಅದೆ. ತಪ್ಪಿದ್ದು ನಿಮ್ಮಪ್ಪನ ಸ್ಕೇಲು." ಆಮೇಲೆ ನನ್ನ ಕಡೆ ತಿರುಗಿದರು. "ನೀವೂ ಒಂದ್ ಮಾತು ಅನ್ನಿ ಸಾವ್ಕಾರ್ರೇ."

"ಸರಿಹೋಯ್ತಲ್ಲ, ಬುಡಿ ಅತ್ಲಾಗೆ" ಎಂದು ನಕ್ಕುಬಿಟ್ಟೆ.

ಅವರು ನಗಲಿಲ್ಲ. ತೊಡೆಯ ಮೇಲೆ ಹಣಿಗೆ ಎಳೆದುಕೊಂಡರು. ಮಗಳು ನುಡಿಸಿದಳು. ಒಂದು ತಂತಿಯೂ ಜಾರಲಿಲ್ಲ. ಗಿಟಾರು ಹನೂರಿಗೆ ವಾಪಸು ಬಂತು.

ಆಮೇಲೆ ಆ ಬೀದಿಯಲ್ಲಿ ಎಷ್ಟೋ ಸಲ ಓಡಾಡಿದೆ. ಬಿಡುವಾದಾಗ ಒಳಗೆ ಹೋಗಿ ನಾಲ್ಕು ಮಾತಾಡೋಣ ಎಂದುಕೊಳ್ಳುತ್ತಲೇ... ಒಂದು ದಿನ ಆ ಕೋಣೆಯಲ್ಲಿ ಮೊಬೈಲ್ ಕವರುಗಳು ತೂಗಾಡುತ್ತಿದ್ದವು. "ತೀರ್ಕಂಡ್ರು ಸಾ, ವರ್ಸಾಯ್ತು" ಎಂದ ಟೀ ಅಂಗಡಿಯವನು.

ಮಗಳು ಈಗ ಯಳಂದೂರಿನಲ್ಲಿ ಟೀಚರು. ಶನಿವಾರ ಮಧ್ಯಾಹ್ನ ಮಕ್ಕಳಿಗೆ ಗಿಟಾರು ಹೇಳಿಕೊಡುತ್ತಾಳೆ. ಹೋದ ಭಾನುವಾರ ಮನೆಗೆ ಬಂದು ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ.

"ಆವತ್ತು ನಿನ್ ಬೆರಳು ದಪ್ಪ ಅಂದ್ನಲ್ಲ, ಸುಳ್ಳು ಕಣವ್ವಾ. ಗೊತ್ತಿದ್ದೂ ಸುಮ್ಕಿದ್ದೆ" ಅಂದೆ.

ಅವಳ ಕೈ ನಿಲ್ಲಲಿಲ್ಲ. "ಗೊತ್ತಪ್ಪಾ. ಆ ತಾತ ನಿಂಗೆ ಒಂದ್ ಮಾತು ಅನ್ನಿ ಅಂದ್ರಲ್ಲ, ಆಗ ನಾನು ನಿನ್ ಬಾಯೇ ನೋಡ್ತಿದ್ದೆ."

ಇಷ್ಟು ತಡವಾಗಿಯಾದರೂ ಹೇಳಿದೆ ಎಂದು ಹಣಿಗೆಯವರಿಗೆ ತಿಳಿಸಬೇಕೆನಿಸಿತು. ಅವರ ಮನೆಯವರಿಗಾದರೂ ತಿಳಿಸೋಣ ಎಂದು ಕೊಳ್ಳೇಗಾಲಕ್ಕೆ ಹೋದೆ. ಬೀದಿಯಲ್ಲಿ ನಿಂತು, ಇಂಥವರ ಮನೆ ಎಲ್ಲಿ ಎಂದು ಕೇಳಲು ಬಾಯಿ ತೆರೆದ ಮೇಲೆ ಗೊತ್ತಾಯಿತು, ಅವರ ಹೆಸರನ್ನು ನಾನು ಒಂದು ದಿನವೂ ಕೇಳಿರಲಿಲ್ಲ.