ನೆಂಟರಿಗೆ ಮಿಕ್ಸಿ ಮಾರುವಂತಿಲ್ಲ

ಸ್ನೇಹಿತರೇ, ಇವತ್ತು ಗುಬ್ಬಿಯಲ್ಲಿ ನನ್ನ ನಾದಿನಿ ಸುಧಾ ಕಾಫಿ ಕೊಡುವ ಮೊದಲೇ ಕೈ ಮುಗಿದಳು. "ಭಾವ, ನನ್ ಲಿಂಕ್‌ನಲ್ಲಿ ಏನೂ ತಗೋಬೇಡಿ. ನಿಮ್ ದಮ್ಮಯ್ಯ."

ಅವಳು ಅಡುಗೆಮನೆಯ ಸಾಮಾನುಗಳನ್ನು ಪರೀಕ್ಷಿಸಿ ವಿಡಿಯೊ ಹಾಕುತ್ತಾಳೆ. ಕೆಳಗಿರುವ ಲಿಂಕ್ ಒತ್ತಿ ಯಾರಾದರೂ ಕೊಂಡರೆ ಅವಳಿಗೆ ಕಮಿಷನ್. ಆ ಆನ್‌ಲೈನ್ ಅಂಗಡಿ ಈಗ ನಿಯಮ ಬದಲಿಸಿದೆ. ನೆಂಟರು ಕೊಂಡರೆ ಅವಳು ಎರಡು ವರ್ಷ ಕಷ್ಟಪಟ್ಟು ಬೆಳೆಸಿದ ಖಾತೆಯೇ ರದ್ದು.

ಸುಧಾ ಕುಣಿಗಲ್ಲಿನ ತನ್ನ ಸೋದರತ್ತೆಗೆ ಫೋನಿನಲ್ಲಿ ಇದನ್ನೇ ಹೇಳಿದಾಗ ಅವರು ಸಿಡುಕಿದರು. "ಯಾಕೆ, ನಿನ್ ಮದ್ವೇಲಿ ನಾನ್ ಕೊಟ್ಟ ಕೊಳಗ ಈಸ್ಕೊಳ್ಳಲಿಲ್ವೇನೇ? ಈಗ ನಾವ್ ಬೇಡ್ವಾ?"

ಅಷ್ಟರಲ್ಲಿ ಹೆಬ್ಬೂರಿನಿಂದ ಗುರುತು ಪರಿಚಯವಿಲ್ಲದ ಒಬ್ಬ ಹೆಂಗಸು ಫೋನ್ ಮಾಡಿ, ವಿಡಿಯೊದ ಮಿಕ್ಸಿ ಕಾಯಿ ನುಣ್ಣಗೆ ರುಬ್ಬುತ್ತದೆಯೇ ಎಂದು ಕೇಳಿದರು. ಸುಧಾಳ ಮುಖ ಅರಳಿತು. ಲಿಂಕ್ ಕಳಿಸುತ್ತೇನೆಂದಳು. ಅಲ್ಲಿಗೇ ಫೋನ್ ಇಡಬಹುದಿತ್ತು. ಆದರೆ ಈ ಸೀಮೆಯಲ್ಲಿ ಹುಟ್ಟಿದವರಿಗೆ ಅದು ಸಾಧ್ಯವಿಲ್ಲ.

"ಹೆಬ್ಬೂರಲ್ಲಿ ಯಾರ್ ಮನೆಯವ್ರು ನೀವು?"

ಮೂರನೆಯ ಪ್ರಶ್ನೆಯ ಹೊತ್ತಿಗೆ ಆಕೆ ಅದೇ ಸೋದರತ್ತೆಯ ಸೊಸೆಗೆ ಚಿಕ್ಕಮ್ಮ ಎಂದು ಗೊತ್ತಾಯಿತು.

"ಅಯ್ಯೋ, ನಮ್ ಹುಡ್ಗೀನೇ ಕಣವ್ವ ನೀನು!" ಸ್ಪೀಕರಿನಲ್ಲಿ ಸಂಭ್ರಮವೋ ಸಂಭ್ರಮ. "ಹಂಗಾದ್ರೆ ಕುಕ್ಕರ್‌ದೂ ಲಿಂಕ್ ಕಳ್ಸು."

ಸುಧಾ ತಲೆಯ ಮೇಲೆ ಕೈ ಹೊತ್ತು ಕುಳಿತಳು. "ಭಾವ, ನಮ್ಗೆ ಏನೂ ಆಗ್ಬೇಕಾಗಿಲ್ದಿರೋರು ಈ ಜಿಲ್ಲೇಲಿ ಯಾರಾದ್ರೂ ಇದಾರಾ?"

ಇದನ್ನು ಓದುತ್ತಿರುವವರಲ್ಲಿ ಅಂಥವರು ಯಾರಾದರೂ ಇದ್ದರೆ ದಯವಿಟ್ಟು ಒಂದು ಮಿಕ್ಸಿ ಕೊಳ್ಳಿ. ಯಾರ ಮನೆಯವರು ಎಂದು ಮಾತ್ರ ಹೇಳಬೇಡಿ.