ಇಸ್ಮತ್ ‘ಹ್ಞಾಂ’ ಅನ್ನುವ ತನಕ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದೊಡ್ಡಹನುಮಯ್ಯನ ಗ್ಯಾರೇಜಿನ ಷಟರ್ ಮುಂದೆ ಶುಕೂರ್ ಸಾಬರು ಅತ್ತಿಂದಿತ್ತ ಇತ್ತಿಂದತ್ತ ಶತಪಥ ಹಾಕುತ್ತಿದ್ದಾರೆ. ಹೆಂಡತಿ ಇಸ್ಮತ್ ಎದುರಿನ ಜಗಲಿಯಲ್ಲಿ ಕೂತು ಟೀ ಆರಿಸಿಕೊಂಡು ಕುಡಿಯುತ್ತಿದ್ದಾರೆ.

“ನೀವ್ ಹಂಗೆ ತಿರುಗಾಡುದ್ರೆ ಷಟರ್ ಬ್ಯಾಗ ಮ್ಯಾಕೆ ಹೋಯ್ತದಾ? ಒಸಿ ಕೂತ್ಕಳಿ.”

ಸಾಬರು ಕೂರುವುದಿಲ್ಲ. ಕೂರುವ ಜಾತಕವೇ ಅವರದಲ್ಲ. ಅದರಲ್ಲೂ ಇವತ್ತು, ಹೆಗಲು ಮುರಿದ ಮೇಲೆ ಮೊದಲ ಸಲ ಗ್ಯಾರೇಜಿಗೆ ಬಂದಿದ್ದಾರೆ, ಅದೂ ಹೆಂಡತಿಯನ್ನು ಕರೆದುಕೊಂಡು.

ಸಾಬರ ಕಸುಬಿಗೆ ಹೆಸರಿಲ್ಲ, ಅಂಗಡಿಯೂ ಇಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ಊರಿನಲ್ಲಿ ಎಲ್ಲೇ ಆಗಲಿ, ಜಪಾನ್ ಬೈಕಿನ ಸ್ಕ್ರೂ ಜಪ್ಪಯ್ಯ ಅಂದರೂ ಕದಲದಿದ್ದರೆ ಮೆಕ್ಯಾನಿಕ್ಕುಗಳು ಬಸ್ಸಿನ ಕಂಡಕ್ಟರ್ ಬಳಿ ಹೇಳಿ ಕಳಿಸುತ್ತಾರೆ. ಅದನ್ನು ಬಿಚ್ಚಲು ಸಾಬರು ಊಟದ ತಟ್ಟೆಯ ಮುಂದಿನಿಂದಲೂ ಎದ್ದು ಓಡುತ್ತಾರೆ.

ಎಂಬತ್ತರ ದಶಕದ ನಡುವೆ ಈ ಬೈಕುಗಳು ಬಂದಾಗ ಅವರು ರೇಷ್ಮೆ ಬಿಚ್ಚುವ ಯಂತ್ರಗಳ ಫಿಟ್ಟರ್. ಸ್ಕ್ರೂ ಅಂದರೆ ಸ್ಕ್ರೂ ಅಂದುಕೊಂಡಿದ್ದರು. ಜಪಾನಿನ ಸ್ಕ್ರೂ ನೋಡಲಿಕ್ಕೆ ನಮ್ಮ ಸ್ಟಾರ್ ಸ್ಕ್ರೂವಿನಂತೆಯೇ, ಆದರೆ ಅದರ ಗುಳಿಯ ತಳ ಕೊಂಚ ಚಪ್ಪಟೆ. ನಮ್ಮ ಸ್ಕ್ರೂಡ್ರೈವರಿನ ಮೂತಿ ಚೂಪು. ಮೂತಿ ಮೊದಲು ತಳಕ್ಕೆ ಮುಟ್ಟಿ ನಿಂತುಬಿಡುತ್ತದೆ, ಪಕ್ಕಗಳಿಗೆ ಹಿಡಿತವೇ ಸಿಗುವುದಿಲ್ಲ. ಬಲ ಹಾಕಿದರೆ ಡ್ರೈವರ್ ಮೇಲಕ್ಕೆ ಎಗರಿ ಸ್ಕ್ರೂವಿನ ತಲೆಯನ್ನೇ ಕೆತ್ತಿಹಾಕುತ್ತದೆ.

“ತಲೆ ಮ್ಯಾಲೆ ಸಾಸಿವೆ ಕಾಳಷ್ಟು ಚುಕ್ಕೆ ಇದ್ರೆ ಅದು ಅವ್ರ ಸ್ಕ್ರೂ. ಇದು ತಿಳಿಯೋ ಹೊತ್ಗೆ ನಾನು ಕೆಡ್ಸಿದ್ ಸ್ಕ್ರೂಗಳ ಲೆಕ್ಕ ಅಲ್ಲಾಗೇ ಗೊತ್ತು,” ಎಂದು ಸಾಬರು ನಗುತ್ತಾರೆ.

ಆಮೇಲೆ ಹುಡುಕಾಟ ಶುರುವಾಯಿತು. ಬೆಂಗಳೂರಿನ ಗುಜರಿ ಸಾಲುಗಳಲ್ಲಿ ಜಪಾನಿನ ಹಳೇ ಡ್ರೈವರ್ ಒಂದು ಸಿಕ್ಕಿತು. ಅದನ್ನು ಮಾದರಿಯಾಗಿ ಇಟ್ಟುಕೊಂಡು ಊರಿನ ಬಿಟ್ಟುಗಳ, ಅಂದರೆ ಡ್ರೈವರಿಗೆ ಸಿಕ್ಕಿಸುವ ತುದಿಗಳ, ಮೂತಿಯನ್ನು ಸಾಣೆಕಲ್ಲಿಗೆ ಹಿಡಿದರು. ಚೂರು ಹೆಚ್ಚು ಉಜ್ಜಿದರೆ ಬಿಟ್ಟು ಸಡಿಲ, ಕಮ್ಮಿಯಾದರೆ ಮತ್ತೆ ಎಗರಾಟ. ಈಗ ಅವರ ಚೀಲದಲ್ಲಿ ಅಂಥ ಬಿಟ್ಟುಗಳು ಒಂದು ಹಿಡಿ ಇವೆ, ಒಂದೊಂದರದೂ ಒಂದೊಂದು ಮೂತಿ.

“ಬಿಟ್ಟು ಸಿಕ್ಬುಟ್ರೆ ಮುಗೀಲಿಲ್ಲ. ತಿರುಗ್ಸೋದು ಎರಡಾಣೆ, ಒತ್ತೋದು ಹದಿನಾಲ್ಕಾಣೆ.”

ಆ ಹದಿನಾಲ್ಕಾಣೆ ಕಳೆದ ವರ್ಷ ಮಾಗಡಿಯಲ್ಲಿ ಹೋಯಿತು. ಬಸ್ಸು ನಿಲ್ಲುವ ಮೊದಲೇ ಇಳಿಯಹೋಗಿ ಬಿದ್ದು ಬಲ ಹೆಗಲು ಮುರಿಯಿತು. ಇನ್ನು ಆ ಕೈಯಲ್ಲಿ ಭಾರ ಹಾಕುವಂತಿಲ್ಲ ಎಂದರು ಡಾಕ್ಟರು. ಮನೆಯಲ್ಲಿ ಕೂತ ಸಾಬರು ರೇಡಿಯೋ ಬಿಚ್ಚಿದರು, ಫ್ಯಾನ್ ಬಿಚ್ಚಿದರು, ಹೊಲಿಗೆ ಮಿಷನ್ನಿಗೆ ಕೈ ಹಾಕುವಾಗ ಇಸ್ಮತ್ ತಡೆದರು.

“ನಾನ್ ಒತ್ತೀನಿ, ನೀವ್ ತಿರುಗ್ಸಿ.”

ರೇಷ್ಮೆ ಬಿಚ್ಚುವ ಬಿಸಿನೀರಿನ ತೊಟ್ಟಿಯ ಮುಂದೆ ಅರ್ಧ ಆಯುಸ್ಸು ಕಳೆದ ಅಂಗೈ ಅವರದು. ಡ್ರೈವರಿನ ಹಿಡಿಯ ಮೇಲೆ ಅವರು ಮೈಭಾರ ಬಿಡುವುದು, ಡ್ರೈವರಿನ ಕುತ್ತಿಗೆಗೆ ಸ್ಪ್ಯಾನರ್ ಹಾಕಿ ಸಾಬರು ಎಡಗೈಯಲ್ಲಿ ತಿರುಗಿಸುವುದು. ಹಿತ್ತಲಲ್ಲಿ ಹಳೇ ಇಂಜಿನ್ನಿನ ಮೇಲೆ ಮಾಡಿ ನೋಡಿದರು. ಮೊದಲ ದಿನವೇ ಸ್ಕ್ರೂ ಕೆಟ್ಟಿತು. ಇಸ್ಮತ್ ಇನ್ನೂ ಭಾರ ಬಿಡುತ್ತಿರುವಾಗಲೇ ಸಾಬರು ತಿರುಗಿಸಿಬಿಟ್ಟಿದ್ದರು. ಅಂದಿನಿಂದ ಒಂದು ಕಟ್ಟಳೆ. ಬಿಟ್ಟು ತಳ ಹಿಡಿದಿದೆ ಎಂದು ಅಂಗೈಗೆ ತಿಳಿದ ಮೇಲೆ ಇಸ್ಮತ್ ‘ಹ್ಞಾಂ’ ಅನ್ನಬೇಕು. ಅಲ್ಲಿಯವರೆಗೆ ಸ್ಪ್ಯಾನರ್ ಅಲ್ಲಾಡುವಂತಿಲ್ಲ. ಸಾಬರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಡ.

ಷಟರ್ ಏಳುತ್ತದೆ. ಒಳಗೆ ದೊಡ್ಡಆಲಹಳ್ಳಿಯ ಬೋರಲಿಂಗಯ್ಯನವರ ಬೈಕು, ಕ್ಲಚ್ ಸುಟ್ಟಿದೆ. ಅದನ್ನು ಮುಚ್ಚಿರುವ ಪಕ್ಕದ ಮುಚ್ಚಳದ ಸ್ಕ್ರೂಗಳಲ್ಲಿ ಎರಡು ತಲೆ ಸವೆದು ಹಟ ಹಿಡಿದಿವೆ. ಬೆಂಚಿನ ಮೇಲೆ ಹೊಸ ಡ್ರಿಲ್ಲಿಂಗ್ ಮಿಷನ್ ಮಿರಮಿರ ಮಿಂಚುತ್ತಿದೆ. ದೊಡ್ಡಹನುಮಯ್ಯ ಅದನ್ನೊಮ್ಮೆ, ಇಸ್ಮತ್ ಅವರನ್ನೊಮ್ಮೆ ನೋಡುತ್ತಾನೆ.

“ಹೆಂಗಸ್ರ ಕೈಲಿ ಆದದಾ ಸಾಬ್ರೇ? ಬೇಜಾರ್ ಮಾಡ್ಕಬ್ಯಾಡಿ. ಇವತ್ತು ಬರ್ನಿಲ್ಲ ಅಂದ್ರೆ ಡ್ರಿಲ್ ಹೊಡ್ದು ತೆಗೀತೀನಿ. ಆಮ್ಯಾಕೆ ನಿಮ್ಮುನ್ ಕರ್ಯಾಕಿಲ್ಲ.”

ಇವನು ಕರೆಯದಿದ್ದರೆ ಉಳಿದ ಮೂರು ಊರಿನವರೂ ಕರೆಯುವುದಿಲ್ಲ, ಇವನ ಮಾತು ಅಷ್ಟು ಓಡುತ್ತದೆ. ಸಾಬರಿಗೆ ಹೊಟ್ಟೆಪಾಡಿನ ಚಿಂತೆ ಅಷ್ಟಿಲ್ಲ, ಇಸ್ಮತ್ ಅವರ ರೇಷ್ಮೆ ಕೆಲಸದ ಸಂಬಳ ಮನೆಗೆ ಬರುತ್ತದೆ. ಯಾರಿಗೂ ಬೇಡದವನಾಗಿ ಮನೆಯಲ್ಲಿ ಕೂರುವುದೇ ಭಯ.

ಇಸ್ಮತ್ ಸೆರಗು ಸಿಕ್ಕಿಸಿ ಮಂಡಿಯೂರುತ್ತಾರೆ. ಒತ್ತುತ್ತಾರೆ, ತಲೆ ಆಡಿಸುತ್ತಾರೆ. ಬೇರೆ ಬಿಟ್ಟು ಹಾಕುತ್ತಾರೆ. ಅದೂ ಬೇಡ. ಮೂರನೆಯದಕ್ಕೆ ಹಿಡಿತ ಸಿಗಲೆಂದು ಒಂದಿಷ್ಟು ವಾಲ್ವ್ ಉಜ್ಜುವ ತರಿತರಿ ಪೇಸ್ಟ್ ಹಚ್ಚಿ, ಸುತ್ತಿಗೆಯಿಂದ ಎರಡೇಟು ತಟ್ಟಿ, ಮೈಭಾರವೆಲ್ಲ ಬಿಟ್ಟು ಕಣ್ಣು ಮುಚ್ಚುತ್ತಾರೆ. ಸಾಬರ ಎಡಗೈ ಸ್ಪ್ಯಾನರಿನ ಮೇಲೆ ಕಾತರಿಸುತ್ತಿದೆ. ದೊಡ್ಡಹನುಮಯ್ಯ ಗಂಟಲು ಸರಿಮಾಡಿಕೊಳ್ಳುತ್ತಾನೆ. ಇಸ್ಮತ್ ತುಟಿ ಬಿಚ್ಚುವುದಿಲ್ಲ. ಸಾಬರ ಹಣೆಯಲ್ಲಿ ಬೆವರು.

“ಹ್ಞಾಂ.”

ಟಕ್ ಎಂದು ಸ್ಕ್ರೂ ಬಿಡುತ್ತದೆ.

ಇನ್ನೊಂದು ಸ್ಕ್ರೂ ಉಳಿದಿದೆ. ಸ್ಕ್ರೂ ಬಂದ ಖುಷಿಗೆ ದೊಡ್ಡಹನುಮಯ್ಯ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದ್ದಕ್ಕೆ ಇಸ್ಮತ್ ಕೈ ಒರೆಸಿಕೊಳ್ಳುತ್ತ ಹೇಳುತ್ತಾರೆ: “ಒತ್ತೋದೂ ತಿರುಗ್ಸೋದೂ ನಾನೇ ಮಾಡ್ಬೇಕು. ಮುನ್ನೀ ಅಪ್ಪ ಸುಮ್ಕೆ ಕೂತು ನೋಡ್ಬೇಕು.”

ಮಗಳು ಮುನ್ನಿಯ ಹೆಸರು ಹಿಡಿದು ಕರೆಸಿಕೊಂಡ ಸಾಬರ ಮುಖ ಒಂದು ಗಳಿಗೆ ಬಾಡುತ್ತದೆ. ಹದಿನೈದು ವರ್ಷ ತನ್ನದೇ ಆಗಿದ್ದ ಕೆಲಸ, ನೋಯದೆ ಇರುತ್ತದೆಯೇ? ಆದರೂ ಸ್ಪ್ಯಾನರನ್ನು ಹೆಂಡತಿಯ ಕೈಗೆ ಕೊಟ್ಟು, ಹಳೇ ಟೈರೊಂದರ ಮೇಲೆ ಕೂರುತ್ತಾರೆ. ಕೂತೇಬಿಡುತ್ತಾರೆ. ಇಸ್ಮತ್ ಆತುರಪಡದೆ ಒತ್ತಿ, ಕಾದು, ತಿರುಗಿಸುತ್ತಾರೆ. ಮೊದಲು ಕಿರ್ರೆಂದ ಸ್ಕ್ರೂ ನಿಧಾನಕ್ಕೆ ಸುತ್ತಿ ಸುತ್ತಿ ಹೊರಬಂದು ಅವರ ಅಂಗೈಗೆ ಬೀಳುತ್ತದೆ.

ದೊಡ್ಡಹನುಮಯ್ಯ ಮುಂದಿನ ವಾರ ಇನ್ನೊಂದು ಬೈಕು ಬರುತ್ತದೆ, ಹೇಳಿ ಕಳಿಸುತ್ತೇನೆ ಸಾಬ್ರೇ ಎನ್ನುತ್ತಾನೆ. ಸಾಬರು ಟೈರಿನಿಂದ ಏಳುತ್ತಾರೆ.

“ಇನ್ಮ್ಯಾಕೆ ಹೇಳ್ ಕಳ್ಸೋವಾಗ ಇವಳ ಹೆಸ್ರೇಳಿ ಕಳ್ಸಿ ಹನುಮಯ್ನೋರೇ. ನಾನು ಜೊತೇಲಿ ಬತ್ತೀನಿ. ಮನೇಲಿ ಕೂರಾಕಾಗಾಕಿಲ್ಲ.”